ಅಜ್ಜನ ಮಾರು

ನಮ್ಮ ಕಾಕಾ ಹನ್ನೊಂದು ವರ್ಷ ನಮ್ಮ ಅಪ್ಪನ ಜೊತೆ ಮಾತಾಡಲಿಲ್ಲ. ಇಬ್ಬರೂ ಒಂದೇ ಓಣಿಯವರು, ನಡುವೆ ಮೂರು ಮನೆ ಅಷ್ಟೇ. ಜಾತ್ರೆಯಲ್ಲಿ ಎದುರಾದರೆ ಒಬ್ಬರು ತೇರಿನ ಕಳಸ ನೋಡುತ್ತಿದ್ದರು, ಇನ್ನೊಬ್ಬರು ಕೈಯಲ್ಲಿದ್ದ ಉತ್ತತ್ತಿ ನೋಡುತ್ತಿದ್ದರು. 2008ರಲ್ಲಿ ಶುರುವಾದ ಈ ಮೌನ 2019ರಲ್ಲಿ ಅಪ್ಪ ತೀರಿಕೊಂಡಾಗ ಮುಗಿಯಿತು. ಮುಗಿಯಿತು ಅನ್ನುವುದೂ ತಪ್ಪು. ಮಾತು ಬಿಡಲು ಆ ಕಡೆ ಯಾರೂ ಉಳಿಯಲಿಲ್ಲ, ಅಷ್ಟೇ. ಕಾರಣ, ನಾಲ್ಕು ಮಾರು ಹೊಲ.

ಮಾರು ಎಂದರೆ ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಾಗ ಈ ನಡುಬೆರಳ ತುದಿಯಿಂದ ಆ ನಡುಬೆರಳ ತುದಿಯವರೆಗಿನ ಉದ್ದ. ಪುಣೆಯಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ಇದನ್ನು ಕೈ ಚಾಚಿಯೇ ತೋರಿಸಬೇಕಾಯಿತು. ಊರಿನಲ್ಲಿ ಹಾಗಲ್ಲ. ಬಾವಿಯ ಆಳ, ಹಗ್ಗದ ಉದ್ದ, ಹೂವಿನ ಮಾಲೆ ಎಲ್ಲದಕ್ಕೂ ಬೆರಳು, ಗೇಣು, ಮೊಳ, ಮಾರು. ನನ್ನ ಹೆಂಡತಿ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋದರೆ ಇವತ್ತಿಗೂ ಉದ್ದ ಕೈಯ ಹೂವಾಡಗಿತ್ತಿಯನ್ನೇ ಹುಡುಕಿ ಅವಳ ಹತ್ತಿರ ಮೊಳ ಹೂವು ಕೊಳ್ಳುತ್ತಾಳೆ. ನಾನು ಇದನ್ನು ಎಷ್ಟೋ ಸಲ ನೋಡಿ ನಕ್ಕಿದ್ದೇನೆ. ನಮ್ಮ ಮನೆಯ ಜಗಳದ ಉತ್ತರ ಅದರಲ್ಲೇ ಇತ್ತು ಎಂದು ತಿಳಿಯಲು ನನಗೆ ಐವತ್ತು ದಾಟಬೇಕಾಯಿತು.

ನಮ್ಮದು ನವಲಗುಂದ ತಾಲೂಕಿನ ಎರೆ ಸೀಮೆ. 1971ರಲ್ಲಿ ಅಜ್ಜ ತನ್ನ ಇಬ್ಬರು ಮಕ್ಕಳಿಗೆ ಹೊಲ ವಾಟ್ನಿ ಮಾಡಿಕೊಟ್ಟ. ಉತ್ತರದ ಅರ್ಧ ನಮ್ಮ ಅಪ್ಪನಿಗೆ, ದಕ್ಷಿಣದ ಅರ್ಧ ಕಾಕಾನಿಗೆ. ಊರಿನ ಹಿರಿಯರೊಬ್ಬರು ಬರೆದ ಒಂದು ಹಾಳೆ ಇದೆ. ಅದರ ಮೇಲೆ ಅಜ್ಜನ ಹೆಬ್ಬೆಟ್ಟು. ಮೂಡಲ ಮೇರೆಯಲ್ಲಿ ಹೊಲದ ಅಗಲ 72 ಮಾರು, ಒಬ್ಬೊಬ್ಬರಿಗೆ 36 ಮಾರು, ನಡುವೆ ಕಲ್ಲು ನೆಟ್ಟು ಬದು ಹಾಕಿದೆ ಎಂದು ಅದರಲ್ಲಿದೆ. ಅಳೆದದ್ದು ಅಜ್ಜನೇ, ಪುಂಡಿ ನಾರಿನ ಹಗ್ಗ ಹಿಡಿದು. ಕಾಕಾ ಆಗ ಇಪ್ಪತ್ನಾಲ್ಕರ ಹುಡುಗ, ಜೊತೆಗೇ ನಿಂತು ಎಣಿಸಿದ್ದ.

2008ರಲ್ಲಿ ಬದುವಿನ ಹತ್ತಿರದ ಒಂದು ಬೇವಿನ ಗಿಡದ ವಿಷಯಕ್ಕೆ ಮಾತು ಬಂತು. ಕಾಕಾ ಒಂದು ಹಗ್ಗ ತಗೊಂಡು ತನ್ನ ಪಾಲನ್ನು ತಾನೇ ಮಾರು ಹಾಕಿ ಅಳೆದ. ಮೂವತ್ತೆರಡಕ್ಕೆ ಬದು ಬಂತು. ಮತ್ತೊಮ್ಮೆ ಅಳೆದ, ಮತ್ತೆ ಮೂವತ್ತೆರಡು. ಆ ಸಂಜೆ ನಮ್ಮ ಕಟ್ಟೆಯ ಮುಂದೆ ನಿಂತು, ನಾಲ್ಕು ಜನ ಕೇಳುವ ಹಾಗೆ, ಅಣ್ಣ ಬದು ಸರಿಸಿ ನಾಲ್ಕು ಮಾರು ಕದ್ದಿದ್ದಾನೆ ಎಂದುಬಿಟ್ಟ.

ಅಪ್ಪ ಏನೂ ಹೇಳಲಿಲ್ಲ. ಆಮೇಲೆ ನಾನು ರಜೆಗೆ ಹೋದಾಗ, "ನೀವೂ ಒಮ್ಮೆ ಅಳದು ತೋರಿಸಬಾರದಾ?" ಎಂದು ಕೇಳಿದೆ. "ಅಳದು ನೋಡೂಣು ಬಾ ಅಂದಿದ್ರ ಹೋಗ್ತಿದ್ದೆ. ಕದ್ದಿ ಅಂದ" ಎಂದಷ್ಟೇ ಹೇಳಿ ಎದ್ದುಹೋದರು. ಆ ವಿಷಯದಲ್ಲಿ ಅವರು ನನ್ನ ಜೊತೆ ಆಡಿದ ಮಾತು ಅದೊಂದೇ.

ನಿಜ ಹೇಳಬೇಕೆಂದರೆ, ನನಗೂ ಒಳಗೊಳಗೆ ಅನುಮಾನವಿತ್ತು. ಅಪ್ಪ ಒಳ್ಳೆಯವರು, ಆದರೆ ಹೊಲದ ಆಸೆ ಅವರಿಗೂ ಇತ್ತು. ನಾಲ್ಕು ಮಾರು ಎಂದರೆ ಇಪ್ಪತ್ತು ಅಡಿಗೂ ಮೇಲೆ. ಅಷ್ಟು ಸುಳ್ಳು ಲೆಕ್ಕ ಕಾಕಾನಂಥ ಮನುಷ್ಯನಿಂದ ಬರುತ್ತದೆಯೇ? ಅಪ್ಪ ತೀರಿಕೊಂಡ ಮೇಲೆ ಈ ಅನುಮಾನ ಇನ್ನೂ ಭಾರವಾಯಿತು, ಯಾಕೆಂದರೆ ಇನ್ನು ಅವರನ್ನು ಕೇಳುವಂತಿರಲಿಲ್ಲ.

*

ಕಳೆದ ಜನವರಿಯಲ್ಲಿ ಕಾಕಾನ ಮಗ ಫೋನ್ ಮಾಡಿದ. ಉತಾರ ಇನ್ನೂ ಜಂಟಿಯಾಗಿಯೇ ಇದೆ, ಪೋಡಿ ಮಾಡಿಸಿ ಬೇರೆ ಬೇರೆ ಮಾಡಿಕೊಳ್ಳಬೇಕು, ಕೃಷಿಹೊಂಡಕ್ಕೆ ಅರ್ಜಿ ಹಾಕಬೇಕು. "ಆದ್ರ ಅಣ್ಣಾ, ಅಪ್ಪ ಸಹಿ ಮಾಡವಲ್ಲ. ಮೊದಲು ನಾಕು ಮಾರು ಕೊಡ್ಲಿ ಅಂತಾನ. ನೀ ಒಮ್ಮೆ ಬಾ" ಎಂದ. ಸರ್ವೆಯವರನ್ನು ಕರೆಸಿ ಹದ್ದುಬಸ್ತು ಮಾಡಿಸೋಣ ಎಂದರೆ ಕಾಕಾ ಅದಕ್ಕೂ ಒಪ್ಪುತ್ತಿಲ್ಲವಂತೆ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವನಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚು ಕಾಣುವುದಿಲ್ಲ. ಟೇಪಿನ ಮೇಲಿನ ಅಂಕಿ ಯಾರೋ ಓದಿ ಹೇಳಿದ್ದನ್ನು ಅವನು ನಂಬುವುದಿಲ್ಲ.

ಹೊಲದ ಹಳೆಯ ಟಿಪ್ಪಣಿಯ ನಕಲು ತೆಗೆಸಿ ಕಳಿಸು ಎಂದೆ. ತಮ್ಮ ಅದರ ಫೋಟೋ ಕಳಿಸಿದ. ಹೊಲದ ಆಕಾರ, ಸುತ್ತ ಗೆರೆ, ಗೆರೆಯ ಪಕ್ಕದಲ್ಲಿ ಸಣ್ಣ ಅಂಕಿಗಳು. ಮೂಡಲ ಮೇರೆಯ ಪಕ್ಕದಲ್ಲಿ 11, ಅದರ ಬಳಿ 10 ಎಂದಿತ್ತು. ಉದ್ದಕ್ಕೆ ಬರೀ 12.

ನಾನು ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸದವನು. ಇಪ್ಪತ್ತೇಳು ವರ್ಷದಿಂದ ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದೇ ನನ್ನ ಹೊಟ್ಟೆಪಾಡು. ನಮ್ಮಲ್ಲಿ ಅಳತೆಯ ಕೋಣೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇವೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಹನ್ನೊಂದು ಹನ್ನೆರಡು ಮೈಕ್ರಾನ್ ಬೆಳೆಯುತ್ತದೆ ಎಂಬುದಕ್ಕೆ ಅಷ್ಟು ಎಚ್ಚರ. ಅಂಥವನು ನಾನು, ಆ ಹಾಳೆಯ ಅಂಕಿಯನ್ನು 11.10 ಎಂದು ಓದಿಕೊಂಡು ಎರಡು ದಿನ ತಪ್ಪು ಲೆಕ್ಕ ಹಾಕಿದೆ.

ಬಿಡಿಸಿ ಹೇಳಿದವರು ನಮ್ಮ ಸೊಸೈಟಿಯ ಕೆಳಮಹಡಿಯಲ್ಲಿರುವ ನಿವೃತ್ತ ಭೂಮಾಪಕರು, ಮರಾಠಿಯವರು. ಅದು ದಶಮಾಂಶ ಅಲ್ಲ, ಹನ್ನೊಂದು ಸರಪಳಿ ಹತ್ತು ಆಣೆ ಎಂದರು. ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ ಸರಪಳಿಗೂ ಹದಿನಾರು ಆಣೆ. ಸರಪಳಿಯ ಉದ್ದ 33 ಅಡಿ. ಆದ್ದರಿಂದ ಒಂದು ಆಣೆ ಎಂದರೆ 2 ಅಡಿ ಮುಕ್ಕಾಲು ಇಂಚು. ನಾವು ಗುಂಟೆಗೆ ಹದಿನಾರು ಆಣೆ ಎಂದು ಬಲ್ಲೆವು, ಅದು ಕ್ಷೇತ್ರದ ಆಣೆ. ಉದ್ದಕ್ಕೂ ಆಣೆ ಇತ್ತು ಎಂಬುದು ನನಗೆ ಹೊಸದು.

ಈ 33 ಅಡಿಯ ಜಾಣತನವನ್ನು ಅವರು ಒಂದು ಹಾಳೆಯ ಹಿಂದೆ ಬರೆದು ತೋರಿಸಿದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ 1089 ಚದರ ಅಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಆದ್ದರಿಂದ ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರವಾಗಿ ಗುಂಟೆಯೇ ಕೈಗೆ ಬರುತ್ತದೆ. ನಮ್ಮ ಹೊಲ ಹನ್ನೊಂದು ಸರಪಳಿ ಹತ್ತು ಆಣೆ ಅಗಲ, ಹನ್ನೆರಡು ಸರಪಳಿ ಉದ್ದ. ಗುಣಿಸಿದರೆ ನೂರಾ ಮೂವತ್ತೊಂಬತ್ತೂವರೆ ಗುಂಟೆ, ಅಂದರೆ 3 ಎಕರೆ 19 ಗುಂಟೆ 8 ಆಣೆ. ಉತಾರದಲ್ಲಿ ಇರುವುದೂ ಅದೇ. ನಮ್ಮ ಕಡೆಯ ಹಳೆಯ ಮಾತಿನಲ್ಲಿ ಹೇಳುವುದಾದರೆ ಒಂದು ಕೂರಿಗೆಗೆ ಸ್ವಲ್ಪ ಕಡಿಮೆ.

ಇಂಗ್ಲೆಂಡಿನಲ್ಲಿ ಎಡ್ಮಂಡ್ ಗಂಟರ್ 1620ರ ಸುಮಾರಿಗೆ ರೂಪಿಸಿದ ಸರಪಳಿ 66 ಅಡಿಯದು, ನೂರು ಕೊಂಡಿಯದು. ಮುಂಬಯಿ ಇಲಾಖೆಯ ಸರ್ವೆಯವರು ಅದರ ಅರ್ಧ ಹಿಡಿದು, ನೂರರ ಬದಲು ಹದಿನಾರು ಭಾಗ ಮಾಡಿ, ಇಲ್ಲಿಯ ಜನರ ಬಾಯಲ್ಲಿದ್ದ ಆಣೆಯ ಹೆಸರನ್ನೇ ಇಟ್ಟರು. ಆ ಸರ್ವೆ ಪದ್ಧತಿ ನೆಲೆಗೊಂಡದ್ದು 1830ರ ದಶಕದ ನಡುವಿನಲ್ಲಿ, ಇದೇ ಪುಣೆ ಜಿಲ್ಲೆಯ ಇಂದಾಪುರದಲ್ಲಿ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳ ಕೈಯಲ್ಲಿ. ವಿಂಗೇಟ್ ಮುಂದೆ ನಮ್ಮ ಧಾರವಾಡ ಸೀಮೆಯ ಸರ್ವೆಯನ್ನೂ ನೋಡಿಕೊಂಡ. 1863ರಲ್ಲಿ ಮೈಸೂರು ಸಂಸ್ಥಾನವೂ ಮುಂಬಯಿ ಪದ್ಧತಿಯನ್ನೇ ತೆಗೆದುಕೊಂಡಿತು. ಹೊಟ್ಟೆಪಾಡಿಗೆ ನಾನು ಬಂದ ಊರಿನಿಂದಲೇ ನಮ್ಮೂರ ಹೊಲದ ಅಳತೆ ಹೊರಟಿತ್ತು ಎಂದು ತಿಳಿದು ವಿಚಿತ್ರ ಅನಿಸಿತು. ಈಗ ಮಹಾರಾಷ್ಟ್ರದ ಸಾತ್‌ಬಾರಾದಲ್ಲಿ ಹೆಕ್ಟೇರ್, ಆರ್ ಬಂದಿವೆ. ನಮ್ಮ ಪಹಣಿ ಇನ್ನೂ ಎಕರೆ, ಗುಂಟೆ ಬಿಟ್ಟಿಲ್ಲ.

*

ಹಾಗಾದರೆ ಮೂಡಲ ಮೇರೆಯ ಅಗಲ 383 ಅಡಿ ಏಳೂವರೆ ಇಂಚು. ಇದನ್ನು ಕಾಕಾನಿಗೆ ಹೇಳುವುದು ಹೇಗೆ? ಅವನು ಫೋನಿನಲ್ಲೇ ಹೇಳಿದ್ದ: "ಅಡಿ ಗಿಡಿ ನನಗ ಬ್ಯಾಡ. ಮಾರಿನ್ಯಾಗ ಹೇಳು."

ಸರಿ, ಸರಪಳಿಯನ್ನು ಮೈಯಳತೆಗೆ ತಿರುಗಿಸಲು ಕೂತೆ. ಪಾಠದ ಲೆಕ್ಕ ಸುಲಭ. ಹನ್ನೆರಡು ಬೆರಳಿಗೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಮೊಳವನ್ನು 18 ಇಂಚು ಎಂದು ಹಿಡಿದರೆ ಬೆರಳು ಮುಕ್ಕಾಲು ಇಂಚು, ಗೇಣು 9 ಇಂಚು, ಮಾರು 6 ಅಡಿ. ಈ ಲೆಕ್ಕದಲ್ಲಿ ಒಂದು ಸರಪಳಿ 22 ಮೊಳ, ಅಂದರೆ ಐದೂವರೆ ಮಾರು. ಒಂದು ಆಣೆ ಸರಿಯಾಗಿ 33 ಬೆರಳು. ಒಂದು ಗುಂಟೆ 484 ಚದರ ಮೊಳ. ಒಂದು ಎಕರೆ 1210 ಚದರ ಮಾರು. ಚೂರೂ ಮಿಗದೆ, ಚೂರೂ ಕಡಿಮೆಯಾಗದೆ ಅಂಕಿಗಳು ಒಂದರಲ್ಲೊಂದು ಕೂತುಬಿಟ್ಟಾಗ ನನ್ನಂಥವನಿಗೆ ಆಗುವ ಖುಷಿ ನಿಮಗೆ ಗೊತ್ತಾಗಬೇಕು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. 383 ಅಡಿ ಏಳೂವರೆ ಇಂಚನ್ನು ಆರರಿಂದ ಭಾಗಿಸಿದರೆ ಅರವತ್ನಾಲ್ಕು ಮಾರು. ಅಜ್ಜನ ಹಾಳೆಯಲ್ಲಿ ಇರುವುದು ಎಪ್ಪತ್ತೆರಡು. ಎಂಟು ಮಾರು ಎಲ್ಲಿ ಹೋಯಿತು?

ಇಲ್ಲಿ ಒಂದು ವಿಷಯ ನನಗೆ ತಟ್ಟನೆ ಹೊಳೆಯಿತು. ಎಂಟು ಮಾರು ಕಡಿಮೆಯಾಗಿದ್ದು ಇಡೀ ಹೊಲಕ್ಕೆ. ಅರ್ಧಕ್ಕೆ ನಾಲ್ಕು. ಕಾಕಾ ಅಳೆದದ್ದು ತನ್ನ ಪಾಲನ್ನು ಮಾತ್ರ. ಕದ್ದವನ ಹೊಲಕ್ಕೆ ಕಾಲಿಡುವುದಿಲ್ಲ ಎಂದು ಅವನು ಬದು ದಾಟಿರಲಿಲ್ಲ. ದಾಟಿ ಅಳೆದಿದ್ದರೆ ಅಣ್ಣನ ಪಾಲಿನಲ್ಲೂ ನಾಲ್ಕು ಮಾರು ಕಡಿಮೆ ಬರುತ್ತಿತ್ತೇನೋ. ಕಳ್ಳನ ಮನೆಯಲ್ಲೂ ಅಷ್ಟೇ ಕಳವಾಗಿದ್ದರೆ ಅದು ಕಳವಲ್ಲ, ಅಳತೆಯ ದೋಷ.

ಹಾಗಿದ್ದರೆ ದೋಷ ಎಲ್ಲಿ? ಸರ್ವೆಯ ಅಗಲ ಸರಿ, ಅಜ್ಜನ ಎಣಿಕೆಯೂ ಸರಿ ಎಂದು ಇಟ್ಟುಕೊಂಡೆ. ಆಗ ಉಳಿಯುವುದು ಒಂದೇ, ಮಾರಿನ ಉದ್ದ. 383 ಅಡಿ ಏಳೂವರೆ ಇಂಚನ್ನು ಎಪ್ಪತ್ತೆರಡರಿಂದ ಭಾಗಿಸಿದೆ. 64 ಇಂಚಿಗೆ ಒಂದು ಕೂದಲೆಳೆ ಕಡಿಮೆ ಬಂತು. 5 ಅಡಿ 4 ಇಂಚು.

ಸಾಮಾನ್ಯವಾಗಿ ಮನುಷ್ಯನ ಮಾರು ಅವನ ಎತ್ತರದಷ್ಟೇ ಇರುತ್ತದೆ, ಎರಡು ಇಂಚು ಆಚೀಚೆ. ಅಂದರೆ ಅಜ್ಜ ಸುಮಾರು 5 ಅಡಿ 4 ಇಂಚಿನ ಆಳು. ನಾನು ಅಜ್ಜನನ್ನು ನೋಡಿದ ನೆನಪಿಲ್ಲ. ನಾನು ತೊಟ್ಟಿಲಲ್ಲಿರುವಾಗಲೇ ಹೋದ. ಮನೆಯಲ್ಲಿ ಅವನ ಒಂದು ಫೋಟೋ ಇಲ್ಲ. ಆ ರಾತ್ರಿ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ 5 ಅಡಿ 4 ಇಂಚಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ. ಅದು ನನ್ನ ಹುಬ್ಬಿನ ಮಟ್ಟಕ್ಕೆ ಬಂತು. ಸರ್ವೆ ಕಚೇರಿಯ ಒಂದು ನಕಲಿನಿಂದ ಅಜ್ಜ ಅಷ್ಟು ಎತ್ತರಕ್ಕೆ ಎದ್ದು ನಿಂತ.

*

ಯಾರ ಮೈಯಿಂದ ಅಳೆಯಬೇಕು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಮೂರು ಹೆಜ್ಜೆ ಎಂದಾಗ ಯಾರ ಹೆಜ್ಜೆ ಎಂದು ಕೇಳದೆ ಬಲಿ ಕೆಟ್ಟ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಂಗುಲವನ್ನು ಎಂಟು ಯವೆ ಕಾಳಿನ ಲೆಕ್ಕದಲ್ಲಿ ಹೇಳಿ, ಜೊತೆಗೆ ಮಧ್ಯಮ ಗಾತ್ರದ ಮನುಷ್ಯನ ನಡುಬೆರಳ ನಡುಗೆಣ್ಣಿನ ಅಗಲ ಎಂದೂ ಹೇಳಿದೆ. ತೀರ ದೊಡ್ಡವನೂ ಬೇಡ, ತೀರ ಸಣ್ಣವನೂ ಬೇಡ ಎಂಬ ಎಚ್ಚರ ಅಷ್ಟು ಹಿಂದೆಯೇ ಇತ್ತು. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಯಾಕೋಬ್ ಕ್ಯೋಬೆಲ್ ಎಂಬವನು ಇದಕ್ಕೆ ಒಂದು ಸೊಗಸಾದ ಉಪಾಯ ಬರೆದಿಟ್ಟ. ಭಾನುವಾರ ಚರ್ಚಿನಿಂದ ಹೊರಬರುವ ಹದಿನಾರು ಗಂಡಸರನ್ನು, ಎತ್ತರದವರು ಗಿಡ್ಡರು ಎನ್ನದೆ, ಬಂದ ಹಾಗೇ ನಿಲ್ಲಿಸಿ, ಎಡಗಾಲನ್ನು ಒಬ್ಬರ ಹಿಂದೊಬ್ಬರು ತಾಗಿಸಿ ಇಡಿಸುವುದು. ಆ ಒಟ್ಟು ಉದ್ದ ನೆಲ ಅಳೆಯುವ ಕೋಲು. ಅದರ ಹದಿನಾರನೇ ಒಂದು ಭಾಗ ಅಡಿ. ಒಬ್ಬನ ಕಾಲಿನಲ್ಲಿರುವ ತಪ್ಪು ಹದಿನಾರು ಜನರಲ್ಲಿ ಹಂಚಿಹೋಗುತ್ತದೆ.

ಮರಾಠಿಯ ಸಭಾಸದ ಬಖರಿನಲ್ಲಿ ಶಿವಾಜಿಯ ಕಾಲದ ಭೂಮಾಪನದ ಕಾಠಿ ಐದು ಮೊಳ ಐದು ಮುಷ್ಟಿ ಎಂದಿದೆ. ಇಪ್ಪತ್ತು ಕಾಠಿ ಉದ್ದ, ಇಪ್ಪತ್ತು ಕಾಠಿ ಅಗಲಕ್ಕೆ ಒಂದು ಬಿಘೆ. ಮೊಳ ಎಂದರೆ ಇಷ್ಟು ತಸು ಎಂದು ಕಟ್ಟಿಯೂ ಹಾಕಿದ್ದಾರೆ. ಯಾಕೆ ಕಟ್ಟಿದರು ಎಂದು ನೋಡಲು ಒಂದು ಸಂಜೆ ನಾನೇ ಲೆಕ್ಕ ಹಾಕಿದೆ. ನನ್ನ ಮೊಳ ಹದಿನೇಳೂವರೆ ಇಂಚು, ಮುಷ್ಟಿ ಮೂರೂಕಾಲು. ನನ್ನ ಮೈಯಿಂದ ಕಾಠಿ ಮಾಡಿದರೆ ಬಿಘೆ ಇಪ್ಪತ್ತೇಳೂವರೆ ಗುಂಟೆ. ಹತ್ತೊಂಬತ್ತು ಇಂಚಿನ ಮೊಳ, ಮೂರೂಮುಕ್ಕಾಲು ಇಂಚಿನ ಮುಷ್ಟಿಯ ಆಳಿನಿಂದ ಮಾಡಿದರೆ ಮೂವತ್ಮೂರು ಗುಂಟೆ. ಮೊಳದಲ್ಲಿ ಒಂದೂವರೆ ಇಂಚು, ಮುಷ್ಟಿಯಲ್ಲಿ ಅರ್ಧ ಇಂಚು ಹೆಚ್ಚು ಕಡಿಮೆಯಾದರೆ ಬಿಘೆಗೆ ಐದೂವರೆ ಗುಂಟೆ ಆಚೀಚೆ. ಉದ್ದದಲ್ಲಿ ಆದ ತಪ್ಪು ಅಗಲದಲ್ಲೂ ಆಗುತ್ತದೆ, ಎರಡೂ ಗುಣಿಸಿಕೊಂಡು ಬೆಳೆಯುತ್ತವೆ. ಕಂದಾಯ ಕಟ್ಟುವವನಿಗೆ ಇದು ಸಣ್ಣ ಮಾತಲ್ಲ.

ಇನ್ನು ಹಗ್ಗ. ಅಕ್ಬರನ ಕಾಲದಲ್ಲಿ ನೆಲ ಅಳೆಯಲು ನಾರಿನ ಹಗ್ಗ ಬಳಸುತ್ತಿದ್ದರು, ಅದು ತೇವವಿದ್ದಾಗ ಒಂದು ಉದ್ದ, ಒಣಗಿದಾಗ ಇನ್ನೊಂದು ಉದ್ದ ಬರುತ್ತಿತ್ತು, ಆದ್ದರಿಂದ ಬಿದಿರಿನ ತುಂಡುಗಳನ್ನು ಕಬ್ಬಿಣದ ಉಂಗುರಗಳಿಂದ ಜೋಡಿಸಿ ಬಳಸತೊಡಗಿದರು ಎಂದು ಐನ್-ಎ-ಅಕ್ಬರಿಯಲ್ಲಿದೆ. ನಮ್ಮ ಅಜ್ಜನ ಪುಂಡಿ ಹಗ್ಗಕ್ಕೆ ಆ ಬೆಳಗ್ಗೆ ಇಬ್ಬನಿ ತಾಗಿತ್ತೋ ಇಲ್ಲವೋ ಯಾರು ಬಲ್ಲರು.

*

ಮಾರ್ಚಿನಲ್ಲಿ ಕಡಲೆ ಕಿತ್ತಾದ ಮೇಲೆ ಊರಿಗೆ ಹೋದೆ. ಬ್ಯಾಗಿನಲ್ಲಿ ಐವತ್ತು ಮೀಟರಿನ ಸ್ಟೀಲ್ ಟೇಪು, ಮತ್ತು ಲೆಕ್ಕದಲ್ಲಿ ಬಂದ ಅಜ್ಜನ ಮಾರಿನಷ್ಟೇ ಉದ್ದ ಕತ್ತರಿಸಿದ, ಎರಡೂ ತುದಿಗೆ ಗಂಟು ಹಾಕಿದ ಒಂದು ಹಗ್ಗ. ಹಿಗ್ಗದಿರಲಿ ಎಂದು ನೈಲಾನ್ ಬಿಟ್ಟು ಬಿಗಿ ಹೆಣಿಗೆಯದನ್ನು ಆರಿಸಿದ್ದೆ.

ಚಿಗವ್ವ ಚಹಾ ಕೊಟ್ಟಳು. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಧ್ವನಿ ಕೇಳಿ ಗುರುತು ಹಿಡಿದ. "ಯಾವಾಗ ಬಂದ್ಯೋ? ನಿನ್ನ ಧ್ವನಿ ನಿಮ್ಮಪ್ಪಂದ ಆಗೇತಿ" ಎಂದ. ಅದು ಪ್ರೀತಿಯೋ ದೂರೋ ತಿಳಿಯಲಿಲ್ಲ.

"ಕಾಕಾ, ಜಗಳ ಆಡಾಕ ಬಂದಿಲ್ಲ. ನಿಮ್ಮ ಮಾರು ಅಳೀಬೇಕು" ಎಂದೆ.

ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಎರಡೂ ಕೈ ಚಾಚಿಸಿದೆ. ಎಪ್ಪತ್ತೆಂಟು ವಯಸ್ಸು, ಬಲಗೈ ಪೂರ್ತಿ ಚಾಚಲು ಸ್ವಲ್ಪ ನೋವಿತ್ತು. ತಮ್ಮ ಒಂದು ತುದಿ ಹಿಡಿದ. 5 ಅಡಿ ಹನ್ನೊಂದೂವರೆ ಇಂಚು. ನನ್ನದು 5 ಅಡಿ 7 ಇಂಚು. ಇಷ್ಟು ವರ್ಷ ಯಾರೂ ಮಾಡದ ಕೆಲಸ ಇದೊಂದೇ.

ಆಮೇಲೆ ಹಗ್ಗವನ್ನು ಕಾಕಾನ ಕೈಗೆ ಕೊಟ್ಟೆ. "ಇದು ಅಜ್ಜನ ಮಾರು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಒಂದು ಗಂಟನ್ನು ಎಡಗೈಯ ಬೆರಳಲ್ಲಿ ಹಿಡಿದು ಬಲಗೈಯಿಂದ ಹಗ್ಗವನ್ನು ಎದೆಯ ಮೇಲೆ ಎಳೆದುಕೊಂಡು ಹೋದ. ಇನ್ನೊಂದು ಗಂಟು ಅವನ ಬಲ ಮಣಿಕಟ್ಟಿನ ಹತ್ತಿರವೇ ನಿಂತುಬಿಟ್ಟಿತು. ಬೆರಳು ಇನ್ನೂ ಮುಂದಿದ್ದವು. ಮತ್ತೊಮ್ಮೆ ಮಾಡಿದ. ನಾನು ಟಿಪ್ಪಣಿಯ ಲೆಕ್ಕವನ್ನು ನಿಧಾನವಾಗಿ ಹೇಳಿದೆ. ಸರಪಳಿ ಇಷ್ಟು, ಆಣೆ ಇಷ್ಟು, ಅಜ್ಜ ಎಣಿಸಿದ್ದು ಎಪ್ಪತ್ತೆರಡು, ಆದ್ದರಿಂದ ಅವನ ಒಂದು ಮಾರು ಇಷ್ಟು.

ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಗದ್ದದ ಹತ್ತಿರ ಅಂಗೈ ಅಡ್ಡ ಹಿಡಿದು, "ಅಪ್ಪ ಗಿಡ್ಡ ಇದ್ದ. ಇಲ್ಲೀತನಕ ಬರ್ತಿದ್ದ" ಎಂದ. ಚಿಗವ್ವ ಒಳಗಿನಿಂದ, "ಹೌದು, ಮಾವ ಗಿಡ್ಡನೇ. ಮೇಲಿನ ಗೂಟದಾಗಿನ ರುಮಾಲು ನಾನ ತಗದು ಕೊಡತಿದ್ನಿ" ಎಂದಳು.

ಹೊಲಕ್ಕೆ ಹೋದೆವು. ದಕ್ಷಿಣದ ಮೂಲೆಯ ಸರ್ವೆ ಕಲ್ಲಿನಿಂದ ಕಾಕಾ ತಾನೇ ಆ ಹಗ್ಗ ಹಾಕುತ್ತಾ ಹೊರಟ. ತಮ್ಮ ಭುಜ ಹಿಡಿದುಕೊಂಡ, ನಾನು ಗಂಟಿರುವಲ್ಲಿ ಕಡ್ಡಿ ಊರುತ್ತಾ ಬಂದೆ. ಎಣಿಕೆ ಅವನದೇ. ಮೂವತ್ತು, ಮೂವತ್ತೊಂದು, ಮೂವತ್ತೆರಡು. ಮೂವತ್ತೆರಡರಲ್ಲಿ ಒಮ್ಮೆ ನಿಂತ. ಬದು ಇನ್ನೂ ಮುಂದಿತ್ತು. ಕಾಲಿನಿಂದ ಮಣ್ಣು ತಡವಿ ನೋಡಿದ, ಮುಂದೆ ಹೋದ. ಮೂವತ್ತೈದು. ಮೂವತ್ತಾರನೆಯ ಹಗ್ಗ ಬದುವಿನ ನಡುವನ್ನು ದಾಟಿ ಒಂದು ಮೊಳದಷ್ಟು ನಮ್ಮ ಪಾಲಿನೊಳಗೆ ಹೋಗಿ ಮುಗಿಯಿತು.

ಟೇಪಿನಿಂದಲೂ ಅಳೆದೆ. ಕಾಕಾನ ಪಾಲು 190 ಅಡಿ 4 ಇಂಚು, ನಮ್ಮದು 193 ಅಡಿ. ಒಟ್ಟು 383 ಅಡಿ 4 ಇಂಚು. ಸರ್ವೆಯ ಅಂಕಿಗೂ ಇದಕ್ಕೂ ಮೂರೂವರೆ ಇಂಚು ವ್ಯತ್ಯಾಸ. ಎರೆ ಮಣ್ಣಿನಲ್ಲಿ ಅಷ್ಟು ಹಳೆಯ ಕಲ್ಲುಗಳ ನಡುವೆ ಮೂರೂವರೆ ಇಂಚು ಏನೂ ಅಲ್ಲ. ಸರಿಪಾಲು ಆಗಬೇಕೆಂದರೆ ಬದು 16 ಇಂಚು ನಮ್ಮ ಕಡೆ ಬರಬೇಕು. ಪಡುವಣ ತುದಿಯಲ್ಲಿ ನೋಡಿದರೆ ಬದು ಸರಿಯಾದ ಜಾಗದಲ್ಲೇ ಇತ್ತು. ಅಂದರೆ ಹನ್ನೆರಡು ಸರಪಳಿ ಉದ್ದಕ್ಕೆ ಬದು ಒಂದು ತುದಿಯಲ್ಲಿ ಸೊಟ್ಟಗಾಗಿದೆ. ತ್ರಿಕೋನದ ಲೆಕ್ಕ ಹಾಕಿದರೆ ನಾಲ್ಕು ಆಣೆ, ಅಂದರೆ ಕಾಲು ಗುಂಟೆ.

ಈ ಕಾಲು ಗುಂಟೆ ಯಾರು ತಿಂದರು? ಮೂಡಲ ತುದಿಯಲ್ಲಿ ದಾರಿ ಇದೆ, ಎತ್ತು ತಿರುಗುವುದು, ಈಗ ಟ್ರ್ಯಾಕ್ಟರ್ ತಿರುಗುವುದು ಅಲ್ಲಿಯೇ. ವರ್ಷಕ್ಕೆ ಅರ್ಧ ಬೆರಳು ಕೆರೆದರೂ ಐವತ್ತು ವರ್ಷಕ್ಕೆ ಒಂದು ಮೊಳ ಆಗುತ್ತದೆ. ಅಪ್ಪನ ನೇಗಿಲೂ ಇರಬಹುದು. 2019ರ ನಂತರ ನಾನು ಹೊಲವನ್ನು ಲಾವಣಿಗೆ ಕೊಟ್ಟಿದ್ದೇನೆ, ಅವರ ಟ್ರ್ಯಾಕ್ಟರೂ ಇರಬಹುದು. ಅಜ್ಜನ ಹಗ್ಗ ಆ ದಿನ ತೇವವಿತ್ತೋ ಏನೋ. ಯಾವುದು ಎಂದು ನಾನು ಹೇಳಲಾರೆ. ಆದರೆ ನಾಲ್ಕು ಮಾರು ಯಾರೂ ಕದ್ದಿರಲಿಲ್ಲ ಎಂದು ಹೇಳಬಲ್ಲೆ. ಕಾಕಾನ ಒಂದು ಚದರ ಮಾರು ಅಜ್ಜನ ಒಂದೂಕಾಲು ಚದರ ಮಾರಿಗೆ ಸಮ. ಇಷ್ಟು ವ್ಯತ್ಯಾಸವನ್ನು ಇಟ್ಟುಕೊಂಡು ಇಬ್ಬರೂ ಮಾರು ಎಂಬ ಒಂದೇ ಪದ ಬಳಸಿದ್ದರು.

"ಹಂಗಾರ ಒಂದು ಮೊಳ ಹೋಗಿದ್ದು ಖರೆ" ಎಂದ ಕಾಕಾ.

"ಖರೆ ಕಾಕಾ. ಇವತ್ತ ಕಲ್ಲು ಸರಸ್ತೀನಿ" ಎಂದೆ.

ಹಾರೆ ತಂದು ನಾನೂ ತಮ್ಮನೂ ಕಲ್ಲು ಕಿತ್ತು 16 ಇಂಚು ಈಚೆಗೆ ನೆಟ್ಟೆವು. ಕಾಕಾ ಕಲ್ಲಿನ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. "ಅಣ್ಣ ಒಮ್ಮೆ ಬಾಯಿ ಬಿಟ್ಟು ಹೇಳಬೇಕಿತ್ತು, ಬಾ ಅಳಿಯೂಣು ಅಂತ" ಎಂದ. ಅಪ್ಪನೂ ಅದೇ ಮಾತನ್ನು ಅವನ ಬಗ್ಗೆ ಹೇಳಿದ್ದರು. ಅದನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ಒಂದು ನಿಮಿಷ ಯೋಚಿಸಿ, ಹೇಳಿದೆ. ಅವನು ಏನೂ ಅನ್ನಲಿಲ್ಲ. ಮನೆಯ ಕಡೆ ಹೊರಟಾಗ ತಮ್ಮನ ಭುಜ ಬಿಟ್ಟು ನನ್ನ ಭುಜ ಹಿಡಿದ.

ಮರುದಿನ ಸಹಿ ಮಾಡಿದ. ಪೋಡಿಯ ಅರ್ಜಿ ಹೋಗಿದೆ.

*

ಇದನ್ನು ಓದುತ್ತಿರುವವರಲ್ಲಿ ಅನೇಕರ ಮನೆಯಲ್ಲಿ ಟ್ರಂಕಿನ ತಳದಲ್ಲಿ ಇಂಥದೊಂದು ಹಾಳೆ ಇರಬಹುದು. ಮಾರು, ಮೊಳ, ಹೆಜ್ಜೆ ಎಂದು ಬರೆದದ್ದು. ನೀವು ಚೆನ್ನೈಯಲ್ಲಿ ಗ್ರೌಂಡ್ ಲೆಕ್ಕದಲ್ಲೋ, ದೆಹಲಿಯಲ್ಲಿ ಗಜದ ಲೆಕ್ಕದಲ್ಲೋ ಮನೆ ಕೊಂಡವರಿರಬಹುದು, ಊರಿನ ಹಾಳೆ ಮಾತ್ರ ಯಾರದೋ ಮೈಯ ಲೆಕ್ಕದಲ್ಲಿರುತ್ತದೆ. ಅದನ್ನು ಮಾರಿಗೆ ಆರಡಿ, ಮೊಳಕ್ಕೆ ಒಂದೂವರೆ ಅಡಿ ಎಂದು ತಿರುಗಿಸಿಬಿಡಬೇಡಿ. ಪಾಠದಲ್ಲಿ ನಾಲ್ಕು ಮೊಳಕ್ಕೆ ಒಂದು ಮಾರು. ನಿಜವಾದ ಮೈಯಲ್ಲಿ ಅದೂ ಹಾಗೆ ಬರುವುದಿಲ್ಲ. ನನ್ನ ಮಾರಿನಲ್ಲಿ ನನ್ನ ಮೊಳ ನಾಲ್ಕು ತುಂಬುವುದಿಲ್ಲ. ಮೊದಲು ಅಳೆದವರು ಯಾರು ಎಂದು ಕೇಳಿ. ಅವರು ಬದುಕಿದ್ದರೆ ಗೋಡೆಗೆ ನಿಲ್ಲಿಸಿ ಅಳೆಯಿರಿ. ಇಲ್ಲದಿದ್ದರೆ ಅವರು ಅಳೆದ ಯಾವುದಾದರೂ ಒಂದು ಗೆರೆ ಸರ್ವೆಯ ಟಿಪ್ಪಣಿಯಲ್ಲಿ ಸರಪಳಿ ಆಣೆಯಲ್ಲಿ ಇದೆಯೇ ಎಂದು ಹುಡುಕಿ. ಭಾಗಿಸಿದರೆ ಅವರ ಮೈ ಸಿಗುತ್ತದೆ. ಆಮೇಲೆ ಉಳಿದ ಗೆರೆಗಳನ್ನು ಅದರಿಂದ ಓದಿ. ಮತ್ತು ಅಳೆಯುವಾಗ ಬದುವಿನ ಎರಡೂ ಕಡೆ ಅಳೆಯಿರಿ.

ಹಗ್ಗವನ್ನು ನಾನು ಪುಣೆಗೆ ತರಬೇಕೆಂದಿದ್ದೆ. ಹೊರಡುವಾಗ ಕೇಳಿದರೆ ಕಾಕಾ, "ಅದು ಇಲ್ಲೇ ಇರ್ಲಿ" ಎಂದ. ಈಗ ಅದು ಅವನು ಮಲಗುವ ಕೋಣೆಯ ಗೂಟಕ್ಕೆ ನೇತಾಡುತ್ತಿದೆಯಂತೆ. ಸಂಜೆ ಹೊತ್ತು ತೆಗೆದುಕೊಂಡು ಎದೆಗೆ ಹಿಡಿದು ನೋಡುತ್ತಾನೆ ಎಂದು ಚಿಗವ್ವ ಫೋನಿನಲ್ಲಿ ಹೇಳಿದಳು. ನಮ್ಮ ಅಡುಗೆಮನೆಯ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಹಾಗೇ ಇದೆ. ಮಗಳು ಅದರ ಪಕ್ಕದಲ್ಲಿ ನಿಂತು ನೋಡಿ, ಅರ್ಧ ಇಂಚು ಮೀರಿದ್ದೇನೆ ಎಂದು ಹೇಳಿಕೊಂಡಳು.